ತಕರಾರಿಲ್ಲದ ಕಾಲು

ನಮ್ಮ ಮಾವನವರ ಬಾಯಿಂದ ಹೊಗಳಿಕೆ ಬರುವುದೂ ಶಹಾಬಾದಿನಲ್ಲಿ ಮೇ ತಿಂಗಳು ಚಳಿ ಬೀಳುವುದೂ ಒಂದೇ. ನಾನು ಆ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷವಾಯಿತು. ಅಷ್ಟು ವರ್ಷದಲ್ಲಿ ನನ್ನ ಅಡುಗೆಗೆ ಅವರು ಕೊಟ್ಟ ಅತಿ ದೊಡ್ಡ ಬಿರುದು "ನಡೀತದ". ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಆದ್ದರಿಂದ ನಾವಿಬ್ಬರೂ ಒಂದೇ ಸೂರಿನಡಿ ಬಾಳಿದ್ದು ನಮ್ಮ ಅತ್ತೆಯ ಪುಣ್ಯ ಎಂದೇ ಓಣಿಯವರು ಹೇಳುತ್ತಿದ್ದರು.

ಮಾವನವರದು ಫರಸಿ ಕೆಲಸ. ಶಹಾಬಾದಿ ಕಲ್ಲಿನ ಚಪ್ಪಡಿಗಳನ್ನು ನೆಲಕ್ಕೆ ಹಾಸುವುದಕ್ಕೆ ನಮ್ಮ ಕಡೆ ಫರಸಿ ಹಾಕುವುದು ಎನ್ನುತ್ತಾರೆ. ವಯಸ್ಸಾದ ಮೇಲೆ ಅವರು ಕಲ್ಲು ಎತ್ತುವುದು ಬಿಟ್ಟರು, ಆದರೆ ಕಾಲು ಬಿಡಲಿಲ್ಲ. ವಾಡಿ, ಚಿತ್ತಾಪುರ, ಸೇಡಂ ಎಲ್ಲೇ ಹೊಸ ಫರಸಿ ಬೀಳಲಿ, ಅದರ ಮೇಲೆ ನಡೆದು ನೋಡಲು ಅವರನ್ನು ಕರೆಯುತ್ತಿದ್ದರು. ಅವರು ಚಪ್ಪಲಿ ಬಿಟ್ಟು, ಕೈ ಹಿಂದೆ ಕಟ್ಟಿ, ಕಣ್ಣು ಛತ್ತಿನ ಕಡೆಗೆ ಇಟ್ಟು ನಡೆಯುತ್ತಿದ್ದರು. ಅಪ್ಪಿತಪ್ಪಿಯೂ ನೆಲ ನೋಡುತ್ತಿರಲಿಲ್ಲ. "ಕಣ್ಣು ಸುಳ್ಳು ಹೇಳ್ತದ, ಕಾಲು ಹೇಳಾಂಗಿಲ್ಲ" ಎನ್ನುತ್ತಿದ್ದರು. ಕಾಲು ಎಂದೂ ಹೊಗಳುವುದಿಲ್ಲವಂತೆ. ಕಲ್ಲು ಏರುಪೇರಾಗಿದ್ದರೆ, ಸಂದು ಒರಟಾಗಿದ್ದರೆ, ಪಾಲಿಶ್ ಹತ್ತದಿದ್ದರೆ ತಕರಾರು ಎತ್ತುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಕಾಲು ಸುಮ್ಮನಿದ್ದರೆ ಫರಸಿ ಪಾಸು. ತಮ್ಮ ಸ್ವಭಾವವನ್ನೇ ಕಾಲಿನ ಮೇಲೆ ಹೇರಿ ಹೇಳುತ್ತಿದ್ದಾರೆಂದು ನನಗೆ ಅನುಮಾನವಿತ್ತು.

ಈ ಕಸುಬಿನವರಲ್ಲಿ ಒಂದು ಪದ್ಧತಿ ಇದೆ. ಕೆಲಸವೆಲ್ಲ ಮುಗಿದ ಮೇಲೆ ಒಂದು ಚಪ್ಪಡಿಯನ್ನು ಮಾತ್ರ ಗಾರೆಯಲ್ಲಿ ಬಿಗಿಯದೆ, ಜೋಳದ ಕಾಳಿನಷ್ಟು ಎತ್ತರಕ್ಕೆ ಬಿಟ್ಟಿರುತ್ತಾರೆ. ಹಿರಿಯ ಮೇಸ್ತ್ರಿ ಬಂದು ನಡೆದು, ಕಾಲಿನಿಂದ ಆ ಕಲ್ಲನ್ನು ಹಿಡಿದು, ಹಾಕಿದವನಿಗೆ ನಾಲ್ಕು ಮಂದಿಯ ಮುಂದೆ ಚೆನ್ನಾಗಿ ಬೈಯಬೇಕು. ಆಮೇಲೆ ಅದನ್ನು ಕೂರಿಸಿ ಬೆಲ್ಲ ಹಂಚುತ್ತಾರೆ. ಬೈಸಿಕೊಳ್ಳದ ಫರಸಿಗೆ ನಜರು, ಅಂದರೆ ಕೆಟ್ಟ ದೃಷ್ಟಿ, ಬೀಳುತ್ತದೆಂದು ನಂಬಿಕೆ. ಆ ಕಲ್ಲಿಗೆ ಬೈಗುಳದ ಕಲ್ಲು ಎಂದೇ ಹೆಸರು. ಬೈಯುವುದನ್ನೇ ಶಾಸ್ತ್ರ ಮಾಡಿಕೊಂಡ ಕಸುಬಿನಲ್ಲಿ ನಮ್ಮ ಮಾವನವರು ದೊಡ್ಡ ಹೆಸರು ಮಾಡಿದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

ನಾನು ಹೇಳಹೊರಟ ಸಂಗತಿಗೆ ಹಿಂದಿನ ವರ್ಷ ಅವರ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಹೈದರಾಬಾದಿಗೆ ಓಡಾಡಿ, ತಿಂಗಳುಗಟ್ಟಲೆ ಬಾಟಲಿಯ ಮೂಲಕ ಔಷಧಿ ಏರಿಸಿಕೊಂಡು ಬಂದರು. ಗಂಟು ಕರಗಿತು. ಉದುರಿದ ಮೀಸೆ ಮೊದಲಿಗಿಂತ ದಟ್ಟವಾಗಿ ಬಂತು. ಕಡೆಯ ಸಲ ಹೋದಾಗ ಡಾಕ್ಟರು, "ಕೈಕಾಲು ಜೋಮು ಹಿಡಿದರೆ, ಉರಿದರೆ ಹೇಳಬೇಕು" ಎಂದಿದ್ದರು. ಮಾವನವರು ತಲೆಯಾಡಿಸಿದ್ದರು. ನಾನೂ ಪಕ್ಕದಲ್ಲೇ ಕುಳಿತು, ಸೇಡಮಿನ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳ ಗತ್ತಿನಲ್ಲಿ, ಎಲ್ಲ ಗೊತ್ತಿದೆ ಎಂಬಂತೆ ತಲೆಯಾಡಿಸಿದ್ದೆ.

ಮರಳಿ ಬಂದ ಮೇಲೆ ಅವರು ಒಂದು ದಿನ ಬಜಾರಿಗೆ ಎರಡು ಚಪ್ಪಲಿ ಹಾಕಿಕೊಂಡು ಹೋಗಿ ಒಂದನ್ನೇ ಹಾಕಿಕೊಂಡು ಬಂದರು. ಇನ್ನೊಂದು ಎಲ್ಲಿ ಎಂದು ಅತ್ತೆ ಕೇಳಿದರೆ ಕಾಲು ನೋಡಿಕೊಂಡು, "ಅರೆ!" ಎಂದರು. ನಾನು ಇದನ್ನು ಕಾಲೇಜಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ನಾಚಿಕೆಯಾಗುತ್ತದೆ.

ಮಾರ್ಚಿನಲ್ಲಿ ಚಿತ್ತಾಪುರದಲ್ಲೊಂದು ಮದುವೆಯ ಹಾಲ್ ಸಿದ್ಧವಾಯಿತು. ಅದರ ಫರಸಿ ಹಾಕಿದವರು ವಾಡಿಯ ಉಸ್ತಾದರು. ಮಾವನವರಿಗೂ ಅವರಿಗೂ ನಲವತ್ತು ವರ್ಷದ ಪೈಪೋಟಿ, ಅಷ್ಟೇ ವರ್ಷದ ಗೆಳೆತನ. ಅವರ ಒಂದು ಕೆಲಸವನ್ನೂ ಮಾವನವರು ಬೈಯದೆ ಬಿಟ್ಟವರಲ್ಲ. ಉಸ್ತಾದರೂ ಬೈಸಿಕೊಳ್ಳಲು ಇವರನ್ನೇ ಕರೆಯುತ್ತಿದ್ದರು, ಬೇರೆಯವರ ಬೈಗುಳ ಅವರಿಗೆ ರುಚಿಸುತ್ತಿರಲಿಲ್ಲ. ಅಂದು ನನಗೆ ರಜೆ. ಒಬ್ಬರನ್ನೇ ಕಳಿಸಲು ಅತ್ತೆಗೆ ಧೈರ್ಯವಾಗದೆ ನನ್ನನ್ನು ಜೊತೆಗೆ ಕಳಿಸಿದರು.

ಮಾವನವರು ಚಪ್ಪಲಿ ಬಿಟ್ಟು ನಡೆಯತೊಡಗಿದರು. ಕೆಲಸದವರೆಲ್ಲ ಗೋಡೆಗೆ ಒರಗಿ ಬೈಗುಳಕ್ಕೆ ಕಾದು ನಿಂತರು. ಒಬ್ಬನ ಕೈಯಲ್ಲಿ ಮರದ ಸುತ್ತಿಗೆ, ಇನ್ನೊಬ್ಬನ ಕೈಯಲ್ಲಿ ಬೆಲ್ಲದ ಪುಡಿಕೆ. ಬೈಗುಳದ ಕಲ್ಲು ಕಿಟಕಿಯ ಕೆಳಗಿತ್ತು. ನನಗೇ ಬಾಗಿಲಿನಿಂದ ಕಾಣುತ್ತಿತ್ತು. ಮಾವನವರು ಅದರ ಮೇಲೆ ಕಾಲಿಟ್ಟು ದಾಟಿ ಹೋದರು. ಗೋಡೆ ಮುಟ್ಟಿ ತಿರುಗಿ ಬಂದು ಮತ್ತೆ ಅದರ ಮೇಲೇ ಕಾಲಿಟ್ಟರು. ಮೂರನೆಯ ಸಲ ಅದರ ಮೇಲೇ ನಿಂತು, ಕೈ ಬಿಚ್ಚಿ, "ಭೇಷ್! ಉಸ್ತಾದ, ಇಷ್ಟ ವರ್ಷಕ್ಕ ಒಂದು ಫರಸಿ ಹಾಕೀದಿ ನೋಡು. ಬೆಣ್ಣಿ ಮ್ಯಾಲ ನಡದಂಗ ಆಗಲಿಕತ್ತದ" ಎಂದರು.

ಬೆಲ್ಲದವನು ಸುತ್ತಿಗೆಯವನ ಮುಖ ನೋಡಿದ, ಸುತ್ತಿಗೆಯವನು ಛತ್ತು ನೋಡಿದ. ಉಸ್ತಾದರ ಮುಖದಲ್ಲಿ ಗೆದ್ದ ಸಂತೋಷವಿರಬೇಕಿತ್ತು, ಆದರೆ ಅದು ಬಿಳಚಿಕೊಂಡಿತು. ಅವರು ಒಂದು ಗಳಿಗೆ ಯೋಚಿಸಿ, ಮುಂದೆ ಬಂದು, ಮಾವನವರ ತೋಳು ಹಿಡಿದು ಪಕ್ಕಕ್ಕೆ ಸರಿಸಿ, "ನೀವು ನಿಂತು ತೋರಿಸಿದ್ರಲ್ಲ, ಇದೇ ಕಲ್ಲಲ್ರಿ? ಗೊತ್ತಾತು, ಗೊತ್ತಾತು. ಏ, ಕೂಡ್ಸೋ ಇದನ್ನ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. ಸುತ್ತಿಗೆ ಬಡಿಯಿತು, ಬೆಲ್ಲ ಹಂಚಿದರು. ಮಾವನವರು ಬೆಲ್ಲ ಕೈಯಲ್ಲಿ ಹಿಡಿದು ಆ ಕಲ್ಲನ್ನೇ ನೋಡುತ್ತ ನಿಂತುಬಿಟ್ಟರು. ತಿನ್ನಲಿಲ್ಲ.

ಹೊರಗೆ ಉಸ್ತಾದರು ನನ್ನನ್ನು ಬದಿಗೆ ಕರೆದು, "ನೋಡವ್ವ, ನಲವತ್ತು ವರ್ಷದಾಗ ನನಗ ಭೇಷ್ ಅಂದವರಲ್ಲ. ಇವತ್ತು ಅಂದ್ರು. ನನ್ನ ಎದಿ ಧಸಕ್ ಅಂತು. ಅವರಿಗಿ ಏನೋ ಆಗ್ಯಾದ. ಡಾಕ್ಟರಿಗಿ ತೋರಸ್ರಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಓದಿದವಳು ನಾನು, ರೋಗ ಪತ್ತೆ ಮಾಡಿದವರು ಅವರು.

ರೈಲಿನಲ್ಲಿ ಕುಳಿತಾಗ ಮಾವನವರ ಕಾಲಿನ ಹೆಬ್ಬೆರಳನ್ನು ನಾನು ಉಗುರಿನಿಂದ ಜೋರಾಗಿ ಚಿವುಟಿದೆ. ಅವರು ಕಿಟಕಿಯಾಚೆ ಸಿಮೆಂಟ್ ಕಾರ್ಖಾನೆಯ ಹೊಗೆ ನೋಡುತ್ತ ಕುಳಿತೇ ಇದ್ದರು. ಎದುರಿಗೆ ಕುಳಿತಿದ್ದ ಹೆಂಗಸು ಮಾತ್ರ, ಇದೆಂಥ ಸೊಸೆ ಎಂಬಂತೆ ನನ್ನನ್ನು ದುರುಗುಟ್ಟಿ ನೋಡಿದಳು.

ಡಾಕ್ಟರು ಫೋನಿನಲ್ಲಿ ಹೇಳಿದ್ದು ಇಷ್ಟು: ಔಷಧಿಯಿಂದ ಕಾಲಿನ ನರಕ್ಕೆ ಪೆಟ್ಟಾಗಿದೆ, ನಿಧಾನವಾಗಿ ಸರಿಹೋಗಬಹುದು, ಹೋಗದೆಯೂ ಇರಬಹುದು. ಮಾವನವರಿಗೆ ಇದು ಬಿಲ್ಕುಲ್ ಒಪ್ಪಿಗೆಯಾಗಲಿಲ್ಲ. "ಔಷಧಿ ಹಾಕಿದ್ದು ಎದಿಗಿ. ಕಾಲಿನ ಬೆರಳಿಗಿ ಏನ್ ಸಂಬಂಧ? ನೀ ಸಾಲಿ ಕಲಸಾಕಿ, ಹೇಳು" ಎಂದು ನನ್ನ ಮುಂದೆ ಕುಳಿತರು.

ನಾನು ಸೀಮೆಸುಣ್ಣ ತಂದೆ. ನಮ್ಮ ಪಡಸಾಲೆಯ ಫರಸಿ ಕಪ್ಪುಹಲಗೆಗಿಂತ ಚೆನ್ನಾಗಿ ಬರೆಸಿಕೊಳ್ಳುತ್ತದೆ. ದೇವರ ಕೋಣೆಯ ಹೊಸ್ತಿಲಿನ ಬಳಿ ಒಂದು ಉಂಡೆ ಬರೆದು, ಅಲ್ಲಿಂದ ಬೀದಿ ಬಾಗಿಲಿನವರೆಗೆ ಉದ್ದಕ್ಕೂ ಎರಡು ಗೆರೆ ಎಳೆದೆ. ಉಂಡೆ ಎಂದರೆ ಸೊಂಟದ ಹತ್ತಿರ ಇರುವ ನರಕೋಶ, ಗೆರೆ ಎಂದರೆ ಅದರ ಎಳೆ. ಬೀದಿ ಬಾಗಿಲು ಹೆಬ್ಬೆರಳು. ಇಷ್ಟುದ್ದವೂ ಒಂದೇ ಒಂದು ಜೀವಕೋಶ ಎಂದೆ.

"ಸುಳ್ಳು" ಎಂದರು ಮಾವನವರು.

"ಖರೇನೇ. ಈ ಎಳೆಗೆ ಶಕ್ತಿ ಮಾಡಿಕೊಡುವುದು ಮೈಟೊಕಾಂಡ್ರಿಯ ಅಂತ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಬಹಳಷ್ಟು ಹುಟ್ಟುವುದು ಇಲ್ಲಿ, ದೇವರ ಕೋಣೆ ಹತ್ತಿರ. ಬೇಕಾಗುವುದು ಅಲ್ಲಿ, ಬೀದಿ ಬಾಗಿಲಿನಲ್ಲಿ. ತಾನಾಗಿ ತೇಲಿಕೊಂಡು ಅಷ್ಟು ದೂರ ಹೋಗಲಾರದು. ಹೊತ್ತುಕೊಂಡು ಹೋಗಬೇಕು."

"ಯಾರು ಹೊರ್ತಾರ?"

ಕೈನೆಸಿನ್ ಎಂಬ ಪ್ರೋಟೀನಿದೆ ಎಂದೆ. ಅದಕ್ಕೆ ಎರಡು ಕಾಲಿವೆ, ಒಂದರ ಮುಂದೊಂದು ಇಟ್ಟು ನಡೆಯುತ್ತದೆ. ಅದು ನಡೆಯುವ ನೆಲವೇ ಮೈಕ್ರೋಟ್ಯೂಬ್ಯೂಲ್, ಎಳೆಯೊಳಗೆ ಉದ್ದಕ್ಕೂ ಒಂದರ ಪಕ್ಕ ಒಂದು ಹಾಸಿದ ಸಣ್ಣ ನಳಿಕೆಗಳು. ಹಳತಾದ ಮೈಟೊಕಾಂಡ್ರಿಯವನ್ನು ಹಿಂದಕ್ಕೆ ತರಲು ಡೈನೀನ್ ಎಂಬ ಇನ್ನೊಬ್ಬ ಹಮಾಲನಿದ್ದಾನೆ. ಇಬ್ಬರೂ ಒಂದೇ ನೆಲದ ಮೇಲೆ ನಡೆಯುತ್ತಾರೆ.

ಮಾವನವರು ಮೊದಲ ಸಲ ಮುಂದಕ್ಕೆ ಬಾಗಿದರು. "ಎರಡು ಕಾಲು ಅಂದಿ. ಬರಿಗಾಲಾ?"

ಹದಿನೇಳು ವರ್ಷದಿಂದ ಈ ಪಾಠ ಹೇಳುತ್ತಿದ್ದೇನೆ. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬರಿಗಾಲೇ ಎಂದೆ.

"ಹೋಗಾವ ಹೋಗತಾನ, ಬರಾವ ಬರತಾನ. ದಾರಿ ಹ್ಯಾಂಗ ಗೊತ್ತಾಗತದ ಅವಕ್ಕ? ಕಣ್ಣು ಅದಾವೇನು?"

ಕಣ್ಣಿಲ್ಲ ಎಂದೆ. ನಳಿಕೆಗೇ ದಿಕ್ಕಿದೆ. ಅದರ ಒಂದು ತುದಿಯ ಹಾಗೆ ಇನ್ನೊಂದಿಲ್ಲ, ಈ ಎಳೆಯಲ್ಲಿ ಎಲ್ಲ ನಳಿಕೆಗಳೂ ಒಂದೇ ಮುಖವಾಗಿರುತ್ತವೆ. ಒಬ್ಬನಿಗೆ ಈ ತುದಿಯ ಕಡೆಗಷ್ಟೇ ನಡೆಯಲು ಬರುತ್ತದೆ, ಇನ್ನೊಬ್ಬನಿಗೆ ಆ ತುದಿಯ ಕಡೆಗಷ್ಟೇ.

ಮಾವನವರು ತೊಡೆ ತಟ್ಟಿದರು. "ಹಂಗ ಹೇಳು! ಕಾಲಿಟ್ರ ಗೊತ್ತಾಗತದ. ನಾ ಇಷ್ಟ ವರ್ಷ ಬಾಯಿ ಬಡಕೊಂಡಿದ್ದು ಅದನ್ನೇ ಅಲ್ಲೇನು? ಕಲ್ಲಿಗಿ ಮುಖ ಇರತದ, ನೋಡಿ ಹಾಕ್ರಿ ಅಂತ." ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಕೇಳಸ್ತೇನು? ಮೈಯಾಗೂ ಫರಸಿ ಅದ ಅಂತ!" ಎಂದು ಕೂಗಿದರು. ಅತ್ತೆ ಹೊರಗೆ ಬಂದು, ನೆಲದ ತುಂಬ ನಾನು ಗೀಚಿದ್ದನ್ನು ಕಂಡು, "ಇದನ್ನ ಯಾರು ಒರಸಾವ್ರು?" ಎಂದು ಕೇಳಿ ಒಳಗೆ ಹೋದರು.

ಔಷಧಿಯ ವಿಷಯ ಹೇಳುವಾಗ ನನ್ನ ದನಿ ಸಣ್ಣದಾಯಿತು. ಒಂದು ಜೀವಕೋಶ ಒಡೆದು ಎರಡಾಗಬೇಕಾದರೂ ಇಂಥ ನಳಿಕೆಗಳೇ ಬೇಕು. ಅವನ್ನು ಕಟ್ಟಬೇಕು, ಬಿಚ್ಚಬೇಕು, ಮತ್ತೆ ಕಟ್ಟಬೇಕು. ಔಷಧಿ ಅವನ್ನು ಬಿಚ್ಚಲಾಗದಂತೆ ಬಿಗಿದುಬಿಟ್ಟಿತು. ಗಂಟಿನ ಕೋಶಗಳು ಎರಡಾಗಲಾರದೆ ಸತ್ತವು. ಆದರೆ ನರದೊಳಗಿನ ನಳಿಕೆ ಯಾವುದು, ಗಂಟಿನದು ಯಾವುದು ಎಂದು ಔಷಧಿಗೆ ಗೊತ್ತಾಗುವುದಿಲ್ಲ. ಅಲ್ಲಿಯೂ ಬಿಗಿಯಿತು. ಹೊತ್ತು ನಡೆಯುವವರ ನಡಿಗೆ ಕೆಟ್ಟಿತು. ಎಲ್ಲಕ್ಕಿಂತ ಉದ್ದನೆಯ ದಾರಿಗೆ ಮೊದಲ ಪೆಟ್ಟು, ಅದಕ್ಕೇ ಹೆಬ್ಬೆರಳು.

ಅವರು ನಾನು ಎಳೆದ ಗೆರೆಯ ಮೇಲೆ ಬೆರಳಾಡಿಸಿದರು. "ಗಾರೆ ಜಲ್ದಿ ಬಿಗದಂಗ" ಎಂದರು ಆಮೇಲೆ. "ಕಲ್ಲು ಸರಿಸಿ ಕೂಡಸಬೇಕಂದ್ರೂ ಆಗಾಂಗಿಲ್ಲ. ಗೊತ್ತಾತು ಬಿಡು." ಇದನ್ನೆಲ್ಲ ನಾನು ಕಾಲೇಜಿನಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬರೆಸುತ್ತಿದ್ದೆ. "ಮೈಕ್ರೋಟ್ಯೂಬ್ಯೂಲ್‌ಗಳ ಎರಡು ಕಾರ್ಯಗಳನ್ನು ತಿಳಿಸಿ." ಅದರಲ್ಲಿ ನಮ್ಮ ಮನೆಯ ಒಬ್ಬ ಮನುಷ್ಯನ ಬಾಳುವೆ ಇದೆಯೆಂದು ನನಗೆ ಹೊಳೆದೇ ಇರಲಿಲ್ಲ.

ಮಾರನೆಯ ದಿನ ಅವರು ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಓಡಾಡತೊಡಗಿದರು. ತಮ್ಮ ಕೈಯಾರೆ ಹಾಕಿದ ನೆಲ ಅದು. "ಕಾಲು ಮಾತಾಡೋತನಕ ನಾ ಯಾರ ಫರಸಿ ಮ್ಯಾಲೂ ಬರಿಗಾಲು ಇಡಾಂಗಿಲ್ಲ. ಗೊತ್ತಾಗದ ಕಾಲಿಟ್ಟು ಪಾಸ್ ಮಾಡೂದು ಹರಾಮದ ಕೆಲಸ" ಎಂದರು. ಕರೆಯಲು ಬಂದವರನ್ನೆಲ್ಲ ಬಾಗಿಲಿನಿಂದಲೇ ವಾಪಸು ಕಳಿಸಿದರು. ಬೈಯುವುದನ್ನೂ ನಿಲ್ಲಿಸಿದರು. ನನ್ನ ಸಾರಿಗೆ ಉಪ್ಪು ಹೆಚ್ಚಾದ ದಿನವೂ ಸುಮ್ಮನೆ ಉಂಡೆದ್ದರು. ಆ ಮನೆಯಲ್ಲಿ ಅಂಥ ಶಾಂತಿ ನನಗೆ ಹಿಡಿಸಲಿಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ಚಪ್ಪಲಿ ಮರೆತು ಮಧ್ಯಾಹ್ನ ಮಾಳಿಗೆ ಹತ್ತಿ, ಕಾದ ಕಲ್ಲಿನ ಮೇಲೆ ನಿಂತು ಹಪ್ಪಳ ಕಾಯ್ದು ಬಂದರು. ಅಂಗಾಲ ತುಂಬ ಬೊಬ್ಬೆ. ಬೊಬ್ಬೆಯನ್ನು ಮೊದಲು ಕಂಡವರು ಅತ್ತೆ, ಅವರಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಅವರ ಕಾಲು ತಪಾಸಣೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿಗೆ ಹೋಗಲು ವಾಡಿಯ ರೈಲು ಹಿಡಿಯುವ ಮುಂಚೆ ಕಟ್ಟೆಯ ಮೇಲೆ ಅವರನ್ನು ಕೂರಿಸಿ, ಕೆಳಗೆ ಕುಳಿತು ಬೆರಳ ಸಂದು, ಹಿಮ್ಮಡಿ ಎಲ್ಲ ನೋಡಿ ಎಣ್ಣೆ ಸವರುತ್ತಿದ್ದೆ.

ಇದರಿಂದ ಆದ ಅನಾಹುತ ನಾನು ಎಣಿಸಿರಲಿಲ್ಲ. ಗೋಡೆಯಾಚೆಯವರಿಗೆ ಕಂಡದ್ದು, ದಿನಾ ಬೆಳಗಾಗೆದ್ದು ಮಾವನ ಪಾದ ಹಿಡಿದು ಕೂರುವ ಸೊಸೆ. ವಾರದಲ್ಲಿ ಓಣಿಯ ಅತ್ತೆಯರೆಲ್ಲ ತಂತಮ್ಮ ಸೊಸೆಯರಿಗೆ ನನ್ನ ಉದಾಹರಣೆ ಕೊಡತೊಡಗಿದರು. ಸೊಸೆಯರು ನಳದ ಹತ್ತಿರ ನನ್ನ ಜೊತೆ ಮಾತು ಬಿಟ್ಟರು. ಸುದ್ದಿ ಚಿಂಚೋಳಿಗೂ ಮುಟ್ಟಿತು. ಅಲ್ಲಿಂದ ಅತ್ತೆಯ ತಂಗಿ ತಮ್ಮ ಸೊಸೆಯನ್ನು ಕರೆದುಕೊಂಡು ಬಸ್ಸು ಹತ್ತಿ ಬಂದರು. "ನೋಡು, ಎಂ.ಎಸ್ಸಿ. ಮಾಡ್ಯಾಳ, ಆದ್ರೂ ಹ್ಯಾಂಗ ಕುಂತಾಳ ನೋಡು" ಎಂದು ನನ್ನನ್ನು ತೋರಿಸಿದರು. ನಾನು ಆಗ, "ಮಾವನವರೇ, ಕಾಲು ಅಲ್ಲಾಡಿಸಿದರೆ ನೋಡಿ" ಎಂದು ಗದರುತ್ತಿದ್ದೆ. ಅದನ್ನೂ ಭಕ್ತಿಯ ಲೆಕ್ಕಕ್ಕೇ ಸೇರಿಸಿಕೊಂಡರು. ಆ ಹುಡುಗಿಯ ಕಣ್ಣಲ್ಲಿದ್ದ ದ್ವೇಷವನ್ನು ನಾನು ಜನ್ಮದಲ್ಲಿ ಮರೆಯಲಾರೆ.

ಸ್ಪರ್ಶ ಮರಳಿತೇ ಎಂದು ನೋಡಲು ಕಸಬರಿಗೆಯ ಕಡ್ಡಿಯಿಂದ ಬೆರಳು ಮುಟ್ಟಿ, "ಗೊತ್ತಾಯಿತೇ?" ಎಂದು ಕೇಳುತ್ತಿದ್ದೆ. ಮೊದಲ ದಿನವೇ ಹತ್ತಕ್ಕೆ ಹತ್ತೂ ಸರಿ ಹೇಳಿದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ನೋಡಿದರೆ ವಾರೆಗಣ್ಣಲ್ಲಿ ನನ್ನ ಕೈ ನೋಡಿ ಹೇಳುತ್ತಿದ್ದರು. ಮರುದಿನ ಟವೆಲಿನಿಂದ ಕಣ್ಣು ಕಟ್ಟಿದೆ. ಆಗಲೂ ಹತ್ತಕ್ಕೆ ಒಂಬತ್ತು! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ನನ್ನ ಬಳೆಯ ಸದ್ದು ಕೇಳಿ ಲೆಕ್ಕ ಹಾಕುತ್ತಿದ್ದರು. ಬಳೆ ತೆಗೆದಿಡಲು ಹೋದರೆ ಅತ್ತೆ, "ನನ್ನ ಮಗ ಗಟ್ಟಿಮುಟ್ಟಾಗಿ ಇದ್ದಾನ, ನೀ ಬಳಿ ತೆಗೀತಿ?" ಎಂದು ಹಾರಿಬಿದ್ದರು. ಕೊನೆಗೆ ಬಳೆಗಳನ್ನು ಮೊಣಕೈಗೆ ಏರಿಸಿ ರಬ್ಬರ್ ಬ್ಯಾಂಡ್ ಹಾಕಿದೆ. ಅಂದು ಹತ್ತಕ್ಕೆ ಸೊನ್ನೆ.

"ಮಕ್ಕಳು ಕಾಪಿ ಹೊಡೆದರೆ ನಾನು ಹೊರಗೆ ಹಾಕುತ್ತೇನೆ" ಎಂದೆ ಸಿಟ್ಟಿನಿಂದ. ಅವರು ಕಣ್ಣಿನ ಟವೆಲು ಬಿಚ್ಚಲಿಲ್ಲ. ಅದರೊಳಗಿನಿಂದಲೇ, "ಮಂದಿನ್ನ ಪಾಸು ಫೇಲು ಮಾಡಿದಾವ ನಾ. ದಿನಾ ಸೊಸಿ ಕೈಯಾಗ ಫೇಲಾಗೂದು ಭಾಳ ತ್ರಾಸ್ ಆಗತದವ್ವ" ಎಂದರು. ಆಮೇಲೆ ನಾನು ಅಂಕ ಹೇಳುವುದು ಬಿಟ್ಟೆ. ಕಡ್ಡಿ ಹಿಡಿಯುವುದನ್ನೂ ಬಿಟ್ಟೆ. ರೂಢಿಯಂತೆ ಬಳೆ ಮೊಣಕೈಗೆ ಏರಿಸಿಕೊಂಡು, ಗಾಯವಿದೆಯೇ ಎಂದಷ್ಟೇ ನೋಡಿ, ಎಣ್ಣೆ ಹಚ್ಚಿ ಎದ್ದು ಹೋಗುತ್ತಿದ್ದೆ.

ಮಳೆಗಾಲ ಕಳೆಯಿತು. ಕಾಗಿಣಾ ಹೊಳೆ ತುಂಬಿ ಇಳಿಯಿತು. ಮಾವನವರ ಚಪ್ಪಲಿ ಮನೆಯೊಳಗೆ ಪಟಪಟ ಎನ್ನುತ್ತಲೇ ಇತ್ತು. ಉಸ್ತಾದರು ಆಗಾಗ ಬಂದು ಚಹಾ ಕುಡಿದು, ಯಾರ್ಯಾರು ಎಲ್ಲೆಲ್ಲಿ ಫರಸಿ ಕೆಡಿಸಿದ್ದಾರೆಂದು ವರದಿ ಒಪ್ಪಿಸುತ್ತಿದ್ದರು. ಮಾವನವರು, "ಹಾಕ್ಲಿ ಬಿಡು, ಅವರಿಗಿ ತಿಳದಂಗ" ಎನ್ನುತ್ತಿದ್ದರು. ಆ ಮಾತು ಕೇಳಿ ಉಸ್ತಾದರು ಅರ್ಧ ಚಹಾ ಬಿಟ್ಟು ಎದ್ದು ಹೋದದ್ದೂ ಉಂಟು. ನಾನು ಒಳಗೊಳಗೇ ಆಸೆ ಬಿಟ್ಟಿದ್ದೆ.

ದಸರೆಯ ರಜೆ ಮುಗಿದ ಮೊದಲ ದಿನ. ಹಿಂದಿನ ದಿನವೆಲ್ಲ ಹಂಡೆ, ಕೊಳಗ ತಿಕ್ಕಿ ನನ್ನ ಕೈ ಸಿಪ್ಪೆ ಎದ್ದಿತ್ತು. ರೈಲಿಗೆ ಹೊತ್ತಾಗುತ್ತಿದೆ ಎಂದು ಎಣ್ಣೆಯನ್ನೂ ತೆಗೆದುಕೊಳ್ಳದೆ ಕಟ್ಟೆಯ ಕೆಳಗೆ ಕುಳಿತು ಬೆರಳ ಸಂದು ನೋಡುತ್ತಿದ್ದೆ. ಮಾವನವರು ಪೇಪರು ಮುಖಕ್ಕೆ ಹಿಡಿದಿದ್ದರು. ನಾನು ಅಂಗಾಲಿನ ಮೇಲೆ ಅಂಗೈ ಎಳೆದೆ. ಅವರು ಕಾಲು ಜಗ್ಗಿಕೊಂಡರು.

"ಏ, ಎಂಥಾ ಕೈಯವ್ವಾ ಇದು? ಖರಖರಾ ಅಂತದ! ಉಕ್ಕಿನ ಬ್ರಶ್ ಹಚ್ಚಿದಂಗ. ಮನುಷ್ಯರ ಕೈ ಹಿಂಗಿರ್ತಾವೇನು?"

ನನಗೆ ಮೈಯೆಲ್ಲ ಉರಿದುಹೋಯಿತು. ಆರು ತಿಂಗಳು ಕಾಲು ಹಿಡಿದದ್ದಕ್ಕೆ ಇದೇ ಬಹುಮಾನವೇ ಎಂದುಕೊಂಡು, "ಹಾಗಿದ್ದರೆ ನಿಮ್ಮ ಮಗನಿಗೆ ಹೇಳಿ, ಅವರ ಕೈ ಮೆತ್ತ..." ಎಂದು ಬಾಯಿ ತೆರೆದೆ. ಅರ್ಧಕ್ಕೇ ಮಾತು ನಿಂತಿತು. ಪೇಪರು ಕೆಳಗಿಳಿದಿತ್ತು. ಅವರು ತಮ್ಮ ಕಾಲು ನೋಡುತ್ತಿದ್ದರು. ಬಳೆಗಳು ಮೊಣಕೈಯಲ್ಲೇ ಇದ್ದವು.

"ಇನ್ನೊಮ್ಮಿ ಎಳಿ" ಎಂದರು ಸಣ್ಣ ದನಿಯಲ್ಲಿ.

ನಾನು ಅಂಗೈ ಎಳೆದೆ, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ, ಮೆಲ್ಲಗೆ. ಅವರು ಕಣ್ಣು ಛತ್ತಿನ ಕಡೆಗೆ ಎತ್ತಿದರು.

"ಖರಾಬ್ ಅದ" ಎಂದರು. "ಭಾಳ ಖರಾಬ್ ಅದ ಕೈ. ಹೆಬ್ಬಟ್ಟಿನ ಬುಡಕ್ಕ ಒಂದು ಸೀಳು ಅದ. ನಡಬೆರಳಿಗಿ ಸಿಪ್ಪಿ ಎದ್ದದ. ಎಣ್ಣಿ ಗಿಣ್ಣಿ ಹಚ್ಚಕೋತಿ ಇಲ್ಲ ನೀ? ಹಿಂಗ ಕೈ ಇಟಗೊಂಡು ಸೇಡಂ ತನಕ ಹೋಗ್ತಿ, ಮಂದಿ ಏನಂತಾರ, ಮಾವ ಏನೂ ಕೊಡಿಸಾಂಗಿಲ್ಲ ಅಂತಾರ..." ಬೈಯುತ್ತ ಬೈಯುತ್ತ ಅವರ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಸೊಸೆಗೆ ಬೈಯುತ್ತಿರುವ ಗಂಡನನ್ನೂ ಅಳುತ್ತಿರುವ ನನ್ನನ್ನೂ ಕಂಡು, ಯಾರ ಮೇಲೆ ಕೂಗಾಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತರು. ಅಷ್ಟರಲ್ಲಿ ವಾಡಿಯ ರೈಲು ಕೂಗಿ ಹೊರಟುಹೋಯಿತು. ನಾನು ಏಳಲಿಲ್ಲ. ಇನ್ನೊಂದು ಕಾಲನ್ನು ಎಳೆದುಕೊಂಡು, ಅದೂ ಬೈಯುತ್ತದೆಯೋ ನೋಡೋಣವೆಂದು, ಅದರ ಮೇಲೂ ಕೈಯಿಟ್ಟೆ.